ಕೂಳಿ ಕಟ್ಟುವವರು ಮೊದಲು ಗಂಟಲು ನೋಡಿ

ನಮ್ಮ ಮನೆ ಹಿಂದೆ ಒಂದು ತೋಡು ಇದೆ. ಗಂಗೊಳ್ಳಿ ಅಳಿವೆಯಿಂದ ಭರತದ (ಸಮುದ್ರದ ಉಬ್ಬರದ) ನೀರು ಅಲ್ಲಿವರೆಗೂ ಬರುತ್ತದೆ. ಎರಡೂ ದಡದಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಬೇರು. ಬಲೆ ಬೀಸಿದರೆ ಹರಿಯುವುದು ಗ್ಯಾರಂಟಿ. ಹಾಗಾಗಿ ಅಜ್ಜಯ್ಯನ ಕಾಲದಿಂದಲೂ ನಮಗೆ ಕೂಳಿಯೇ, ಅಂದರೆ ಮೀನು ಹಿಡಿಯುವ ಬಿದಿರಿನ ಬುಟ್ಟಿ.

ಮೂರು ವರ್ಷ ದಾಟಿದ ಬಿದಿರು ತನ್ನಿ. ಎಳೆಯದು ಬೇಗ ಕೊಳೆಯುತ್ತದೆ. ಕಿರುಬೆರಳಿಗಿಂತ ತೆಳ್ಳಗೆ ಸೀಳಿ, ಹತ್ತು ಹನ್ನೆರಡು ದಿನ ಸಿಹಿನೀರಿನಲ್ಲಿ ಮುಳುಗಿಸಿಡಿ. ಬಿದಿರಿನ ಸಿಹಿ ಬಿಟ್ಟುಹೋದರೆ ಕುಟ್ಟೆ ಹುಳದ ಕಾಟ ಕಡಿಮೆ. ನೆರಳಲ್ಲಿ ಒಣಗಿಸಿ.

ಹೊರಗಿನ ಬುಟ್ಟಿ ಯಾರು ಬೇಕಾದರೂ ಕಟ್ಟಬಹುದು. ಮೂರಡಿ ಉದ್ದ, ಒಂದಡಿ ಬಾಯಿ, ಹಿಂದೆ ಕಿರಿದು. ಕಡ್ಡಿಗಳ ನಡುವೆ ಒಂದು ಬೆರಳು ತೂರುವಷ್ಟು ಸಂದಿ ಬಿಡಿ, ಮರಿಗಳು ತಪ್ಪಿಸಿಕೊಳ್ಳಲಿ.

ಕಷ್ಟ ಇರುವುದು ಗಂಟಲಲ್ಲಿ. ಬಾಯಿಯಿಂದ ಒಳಗೆ ಇಳಿಯುವ ಆ ಆಲಿಕೆಯ ಕಡ್ಡಿಗಳನ್ನು ತುದಿಗೆ ಹೋದಂತೆ ತೆಳ್ಳಗೆ ಕೆತ್ತಬೇಕು. ತುದಿಗಳನ್ನು ಕಟ್ಟಬಾರದು. ಮೀನು ತಳ್ಳಿದರೆ ಅಗಲವಾಗಿ, ದಾಟಿದ ಮೇಲೆ ತಾವೇ ಕೂಡಿಕೊಳ್ಳಬೇಕು. ನಾನು ಮೊದಲ ಸಲ ಕಡ್ಡಿ ದಪ್ಪ ಬಿಟ್ಟಿದ್ದೆ. ಮೀನು ಬಾಯಿ ತನಕ ಬಂದು ವಾಪಸ್! ಅಜ್ಜಯ್ಯ ನಕ್ಕು, "ಕೈ ಹಾಕ್, ಕಾಂಬ" ಅಂದಿದ್ದರು. ಕೈ ಸಲೀಸಾಗಿ ಒಳಗೆ ಹೋಗಬೇಕು, ಹಿಂದೆ ಎಳೆದರೆ ಚುಚ್ಚಬೇಕು. ಅಷ್ಟಾದರೆ ಗಂಟಲು ಸರಿ. ಏಡಿಗೆ ಮಾತ್ರ ದುಂಡು ಗಂಟಲು ಆಗುವುದಿಲ್ಲ. ಅದು ಅಡ್ಡಡ್ಡ ನಡೆಯುವ ಜೀವ ಅಲ್ವಾ? ಅದಕ್ಕೆ ಅಗಲವಾದ ಚಪ್ಪಟೆ ಸೀಳು ಬೇಕು, ಒಳಗೆ ಬಂಗುಡೆ ತಲೆಯನ್ನೂ ಕಟ್ಟಬೇಕು.

ಹಿಂದಿನ ಬಾಗಿಲನ್ನು ತೆಂಗಿನ ನಾರಿನ ಹಗ್ಗದಲ್ಲೇ ಕಟ್ಟಿ. ನೈಲಾನ್ ಗಟ್ಟಿ ಅಂತ ನಾನು ಒಮ್ಮೆ ಅದನ್ನೇ ಬಿಗಿದಿದ್ದೆ. ಅಮಾವಾಸ್ಯೆಯ ಇಳಿತಕ್ಕೆ ಕೂಳಿ ಕೊಚ್ಚಿಹೋಯಿತು. ಎಷ್ಟೋ ದಿನದ ಮೇಲೆ ಬೇರಿನ ಸಂದಿಯಲ್ಲಿ ಸಿಕ್ಕಾಗ ಒಳಗೆ ಸತ್ತ ಏಡಿಗಳ ರಾಶಿ. ಆ ವಾಸನೆ ಇನ್ನೂ ಮರೆತಿಲ್ಲ. ನಾರಿನ ಹಗ್ಗವಾಗಿದ್ದರೆ ಕೊಳೆತು ಬಾಗಿಲು ತೆರೆದುಕೊಳ್ಳುತ್ತಿತ್ತು.

ಇಡುವಾಗ ನೀರಿನ ಲೆಕ್ಕ ನೋಡಿ. ಭರತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ನಿನ್ನೆಯ ಹೊತ್ತಿಗೇ ಇವತ್ತೂ ಹೋದರೆ ಸುಮ್ನೆ ಕಾಯಬೇಕು. ನೀರು ತುಂಬಿ ನಿಂತಾಗ, ಬಾಯಿ ತೋಡಿನ ಮೇಲ್ಗಡೆಗೆ ಮಾಡಿ ಇಡಿ. ಇಳಿತದ ಜೊತೆ ಹೊಳೆಗೆ ವಾಪಸ್ ಹೊರಟ ಮೀನು ಸೀದಾ ಒಳಗೆ ಬರುತ್ತದೆ. ಎರಡೂ ಬದಿಗೆ ಕಡ್ಡಿಯ ತಟ್ಟಿ ಓರೆಯಾಗಿ ನೆಟ್ಟರೆ ಇನ್ನೂ ಜಾಸ್ತಿ ಸಿಗುತ್ತದೆ. ಆದರೆ ತೋಡನ್ನು ಪೂರ್ತಿ ಮುಚ್ಚಬೇಡಿ. ಮೊದಲ ಮಳೆಗೆ ಮೇಲೆ ಹತ್ತುವ ಮೀನಿಗೆ ಬಾಯಿ ಕೆಳಕ್ಕೆ ತಿರುಗಿಸಿ ಇಡುವವರಿದ್ದಾರೆ. ಅವುಗಳ ಹೊಟ್ಟೆ ತುಂಬಾ ಮೊಟ್ಟೆ ಇರುತ್ತದೆ. ನಾನು ಆಗ ಕೂಳಿ ಇಡುವುದಿಲ್ಲ.

ಎತ್ತಿದ ಮೇಲೆ ಹಿಂದಿನ ಬಾಗಿಲು ಬಿಚ್ಚಿ, ದೂರ ನಿಂತು ದಡದ ಮೇಲೆ ಕೊಡವಿ. ಕೈ ಹಾಕಿ ನೋಡುವುದೆಲ್ಲ ಮನೆಯ ಅಂಗಳದಲ್ಲಿ ಮಾತ್ರ. ನೀರುಹಾವಿಗೂ ಗಂಟಲಿನ ದಾರಿ ಗೊತ್ತು.