ಸೊನ್ನೆ ಬೇರೆ, ಅಳೆಯದ ದಿನ ಬೇರೆ

ಚಿಕ್ಕಮಗಳೂರಿನ ಹೊರವಲಯದಲ್ಲಿರುವ ಸಣ್ಣದೊಂದು ಅನುದಾನರಹಿತ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಮತ್ತು ಗಣಿತ ಕಲಿಸುತ್ತೇನೆ. ನಮ್ಮ ಶಾಲೆಯ ವ್ಯಾನುಗಳು ಎರಡು ದಿಕ್ಕಿನಿಂದ ಮಕ್ಕಳನ್ನು ಕರೆತರುತ್ತವೆ; ಒಂದು ಕೈಮರದ ಕಡೆಯ ಕಾಫಿ ತೋಟಗಳ ಲೈನುಗಳಿಂದ (ಕಾರ್ಮಿಕರ ಸಾಲು ಮನೆಗಳಿಂದ), ಇನ್ನೊಂದು ಲಕ್ಯಾ ಕಡೆಯ ರಾಗಿ, ತೆಂಗಿನ ಊರುಗಳಿಂದ. ಜುಲೈ ತಿಂಗಳಲ್ಲಿ ಮೊದಲ ವ್ಯಾನಿನಿಂದ ಇಳಿಯುವ ಮಕ್ಕಳ ಕೊಡೆಯಿಂದ ನೀರು ಸೋರುತ್ತಿದ್ದರೆ, ಎರಡನೆಯ ವ್ಯಾನಿನಿಂದ ಇಳಿಯುವವರ ಚಪ್ಪಲಿಯಲ್ಲಿ ಎಷ್ಟೋ ದಿನ ಧೂಳಿರುತ್ತದೆ. ಎರಡೂ ಒಂದೇ ತಾಲ್ಲೂಕು. ಪ್ರತಿದಿನ ಕಣ್ಣೆದುರಿಗೇ ಇದ್ದ ಈ ವ್ಯತ್ಯಾಸವನ್ನು ಪಾಠವಾಗಿಸಬಹುದೆಂದು ಹೊಳೆಯಲು ನನಗೆ ಎರಡು ವರ್ಷ ಹಿಡಿಯಿತು.

ಅದಕ್ಕೂ ಮೊದಲು ನಾನು ಮಾಡಿದ್ದು ಎಲ್ಲರೂ ಮಾಡುವ ಹೊರಸಂಚಾರವನ್ನೇ. ಒಂಬತ್ತನೇ ತರಗತಿಯ 23 ಮಕ್ಕಳನ್ನು ಮುಳ್ಳಯ್ಯನಗಿರಿಗೆ ಕರೆದೊಯ್ದು, ಗಿಡ, ಕಲ್ಲು, ಮಣ್ಣು, ಹಕ್ಕಿ ಎಂದು ನಾಲ್ಕು ಪುಟಗಳ ಪ್ರಶ್ನಾವಳಿಯನ್ನು ಕೈಗಿತ್ತಿದ್ದೆ. ಮಂಜು ಮುಸುಕಿತು, ಗಾಳಿಗೆ ಹಾಳೆಗಳು ಹಾರಿದವು, ಇಬ್ಬರಿಗೆ ಇಂಬಳ (ಜಿಗಣೆ) ಹತ್ತಿತು. ಮಕ್ಕಳು ಖುಷಿಯಾಗಿಯೇ ಹಿಂದಿರುಗಿದರೂ ಪ್ರಶ್ನಾವಳಿಯ ಉತ್ತರಗಳನ್ನು ಬಸ್ಸಿನಲ್ಲಿ ಕುಳಿತು ಒಬ್ಬರನ್ನೊಬ್ಬರು ನೋಡಿ ತುಂಬಿಸಿದ್ದರು. ಒಂದು ದಿನದಲ್ಲಿ ಹತ್ತು ಸಂಗತಿಗಳನ್ನು ನೋಡಿಸುವ ಬದಲು ಒಂದೇ ಸಂಗತಿಯನ್ನು ನೂರು ದಿನ ನೋಡಿಸಬೇಕೆಂದು ತೀರ್ಮಾನಿಸಿ, ಮರುವರ್ಷ ಮಳೆ ಅಳೆಯುವುದನ್ನು ಆರಿಸಿಕೊಂಡೆ.

ಉಪಕರಣಕ್ಕೆ ಹಣವಿರಲಿಲ್ಲ. ತಂಪು ಪಾನೀಯದ ಬಾಟಲಿಯನ್ನು ಕತ್ತರಿಸಿ ಅದಕ್ಕೆ ಸ್ಕೇಲು ಅಂಟಿಸುವ ವಿಧಾನವನ್ನು ಮೊದಲು ಪ್ರಯತ್ನಿಸಿದೆವು. ಆದರೆ ಬಾಟಲಿಯ ತಳ ಉಬ್ಬುತಗ್ಗು, ನಡು ಸಣ್ಣ; ಸ್ಕೇಲಿನ ಅಳತೆಗೆ ಅರ್ಥವೇ ಇರಲಿಲ್ಲ. ಕೊನೆಗೆ ಐದು ಲೀಟರಿನ ಅಡುಗೆ ಎಣ್ಣೆಯ ಖಾಲಿ ಕ್ಯಾನಿನ ಬಾಯಿಗೆ 12 ಸೆಂ.ಮೀ. ವ್ಯಾಸದ ಪ್ಲಾಸ್ಟಿಕ್ ಆಲಿಕೆಯನ್ನು ಕೂರಿಸಿ, ಸಂಗ್ರಹವಾದ ನೀರನ್ನು ಅಳತೆ ಜಾಡಿಗೆ ಸುರಿದು ಮಿಲಿಲೀಟರಿನಲ್ಲಿ ಅಳೆಯುವುದೆಂದು ಗೊತ್ತುಮಾಡಿದೆವು. ಆಲಿಕೆಯ ಬಾಯಿಯ ವಿಸ್ತೀರ್ಣ ಸುಮಾರು 113 ಚದರ ಸೆಂ.ಮೀ.; ಆದ್ದರಿಂದ ಜಾಡಿಯಲ್ಲಿ 11.3 ಮಿ.ಲೀ. ನೀರು ಬಂದರೆ ಅದು 1 ಮಿ.ಮೀ. ಮಳೆ. ವೃತ್ತದ ವಿಸ್ತೀರ್ಣದ ಸೂತ್ರವನ್ನು ಹಲವು ಬಾರಿ ಬಾಯಿಪಾಠ ಮಾಡಿಸಿದ್ದರೂ, ‘ಪೈ’ಗೆ ಬೆಲೆಯಿದೆ ಎಂದು ನನ್ನ ಮಕ್ಕಳಿಗೆ ಅನ್ನಿಸಿದ್ದು ಅಂದೇ ಇರಬೇಕು.

ಕ್ಯಾನನ್ನು ಎಲ್ಲಿಡಬೇಕೆಂಬುದೂ ದೊಡ್ಡ ಚರ್ಚೆಯಾಯಿತು. ಮರದಿಂದ, ಗೋಡೆಯಿಂದ ಅವುಗಳ ಎತ್ತರದ ಎರಡರಷ್ಟು ದೂರವಿರಬೇಕೆಂದರೆ ಮರದ ಎತ್ತರ ತಿಳಿಯಬೇಕು. ನೆರಳಿನಿಂದ ಎತ್ತರ ಕಂಡುಹಿಡಿಯುವ ಪಾಠ ಸಿದ್ಧವಿತ್ತು, ಆದರೆ ಜೂನ್ ತಿಂಗಳಿನಲ್ಲಿ ಕೈಮರದ ಕಡೆ ನೆರಳು ಬೀಳುವುದಾದರೂ ಯಾವಾಗ? ಕೋನಮಾಪಕಕ್ಕೆ ದಾರ ಮತ್ತು ಕಲ್ಲು ಕಟ್ಟಿ ಸಿಲ್ವರ್ ಓಕ್ ಮರಗಳನ್ನು ಅಳೆದೆವು. ಆನೆಗಳ ಭಯವಿರುವುದರಿಂದ ಮನೆಯಂಗಳ ದಾಟಿ ಕ್ಯಾನು ಇಡಬಾರದೆಂಬುದು ಪೋಷಕರ ಷರತ್ತು. ನಾನೂ ಅದನ್ನೇ ಹೇಳುವವನಿದ್ದೆ. ಹವಾಮಾನ ಇಲಾಖೆಯವರು ಬೆಳಗ್ಗೆ 8.30ಕ್ಕೆ ಮಳೆ ಅಳೆಯುತ್ತಾರೆ. ಅಷ್ಟು ಹೊತ್ತಿಗೆ ನಮ್ಮ ಮಕ್ಕಳು ವ್ಯಾನಿನಲ್ಲಿರುವುದರಿಂದ ಎಲ್ಲರಿಗೂ 7 ಗಂಟೆ ಎಂದು ನಿಗದಿಯಾಯಿತು.

ಮೂರನೆಯ ವಾರದಲ್ಲಿ ತೊಡಕು ಕಂಡಿತು. ತೋಟದ ಕಡೆಯ ಒಬ್ಬ ಹುಡುಗನ ಪಟ್ಟಿಯಲ್ಲಿ ಒಂದು ದಿನವೂ ತಪ್ಪಿರಲಿಲ್ಲ. 20, 25, 10, 30 ಮಿ.ಮೀ. ಎಂದು ಎಲ್ಲವೂ ದುಂಡನೆಯ ಅಂಕಿಗಳು. ಅವನ ಎದುರು ಮನೆಯ ಹುಡುಗಿಯ ಪಟ್ಟಿಯಲ್ಲಿ ಅದೇ ದಿನಗಳಿಗೆ 46, 71, 38, 52 ಎಂದಿತ್ತು. ಪಕ್ಕಕ್ಕೆ ಕರೆದು ಕೇಳಿದಾಗ ಅವನು ತಲೆ ತಗ್ಗಿಸಿ, “ಕ್ಯಾನ್ ದನ ಉರುಳಿಸ್ಬಿಡ್ತು ಸರ್. ಪಟ್ಟಿ ಪೂರ್ತಿ ಇದ್ರೇನೇ ಮಾರ್ಕ್ಸು ಅಂದಿದ್ರಲ್ಲ” ಎಂದ. ಹೌದು, ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಯ ಅಂಕಗಳನ್ನು ಪೂರ್ಣ ಪಟ್ಟಿಗೇ ಕೊಡುವುದಾಗಿ ನಾನೇ ಘೋಷಿಸಿದ್ದೆ. ಸುಳ್ಳು ಬರೆಯಲು ದಾರಿ ಮಾಡಿಕೊಟ್ಟವನು ನಾನು.

ಲಕ್ಯಾ ಕಡೆಯ ಪಟ್ಟಿಗಳಲ್ಲಿ ಇದಕ್ಕೆ ವಿರುದ್ಧವಾದ ದೋಷವಿತ್ತು. ಮಳೆ ಬಾರದ ದಿನ ಏನನ್ನು ಬರೆಯುವುದೆಂದು ಅವರು ಜಾಗ ಖಾಲಿ ಬಿಟ್ಟಿದ್ದರು. ಆ ಖಾಲಿ ಜಾಗವೆಂದರೆ ಮಳೆ ಬಂದಿಲ್ಲವೆಂದೋ, ಇವರು ನೋಡಲಿಲ್ಲವೆಂದೋ? ಅಂದಿನ ಗಣಿತದ ಅವಧಿಯಲ್ಲಿ ಕಪ್ಪುಹಲಗೆಯ ಮೇಲೆ ಒಂದು ವಾರದ ಅಂಕಿಗಳನ್ನು ಬರೆದೆ: 12, 0, 8, 0, 10, ಉಳಿದೆರಡು ದಿನ ಖಾಲಿ. ಮೊತ್ತ 30. ಖಾಲಿ ದಿನಗಳನ್ನು ಸೊನ್ನೆಯೆಂದು ಹಿಡಿದು ಏಳರಿಂದ ಭಾಗಿಸಿದರೆ ಸರಾಸರಿ ಸುಮಾರು 4.3, ಅಳೆದೇ ಇಲ್ಲವೆಂದು ಬಿಟ್ಟು ಐದರಿಂದ ಭಾಗಿಸಿದರೆ 6. ತರಗತಿ ಎರಡು ಪಕ್ಷವಾಯಿತು. ಗಂಟೆ ಬಾರಿಸಿದರೂ ವಾದ ನಿಲ್ಲಲಿಲ್ಲ. ಹಿಂದಿ ಶಿಕ್ಷಕಿ ಬಾಗಿಲಲ್ಲಿ ಕಾಯುತ್ತಾ ನಿಂತರು. ಮಳೆ ಬಾರದಿದ್ದರೆ ಸೊನ್ನೆ, ನೋಡದಿದ್ದರೆ ‘ಅಳೆಯಲಿಲ್ಲ’ ಎಂಬ ಪದ ಮತ್ತು ಅದರ ಕಾರಣ, ಎರಡಕ್ಕೂ ಅಳತೆಯಷ್ಟೇ ಅಂಕ ಎಂಬ ನಿಯಮ ಆ ದಿನ ಜಾರಿಗೆ ಬಂತು. ಅಂಕ ಸುಲಭವಾಗಿ ಸಿಗುತ್ತದೆಂದು ಯಾರೂ ಅಳೆಯುವುದೇ ಇಲ್ಲವೆಂದು ಸಹೋದ್ಯೋಗಿಗಳು ಎಚ್ಚರಿಸಿದರು. ಹಾಗಾಗಲಿಲ್ಲ. ದನದ ಹುಡುಗ ಹಳೆಯ ಟೈರಿನೊಳಗೆ ಕ್ಯಾನು ಕೂರಿಸಿ ಅಳತೆ ಮುಂದುವರಿಸಿದ.

ಆಗಸ್ಟ್ ತಿಂಗಳಲ್ಲಿ ಒಂದೇ ಒಂದು ಹೊರಸಂಚಾರ ಮಾಡಿದೆವು, ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಗೆ. ಅಲ್ಲಿಗೆ ಹೋಗಲು ಕಾರಣ ಲಕ್ಯಾ ಕಡೆಯ ಹುಡುಗಿಯೊಬ್ಬಳ ಪ್ರಶ್ನೆ. “ನಮ್ಮೂರಲ್ಲಿ ಬರೀ ಸೊನ್ನೆ ಬರೀತಿದ್ದೀನಿ ಸರ್, ಅಯ್ಯನಕೆರೆ ಹೆಂಗೆ ತುಂಬ್ತಿದೆ?” ಏರಿಯ ಮೇಲೆ ನಿಂತು ಬಾಬಾಬುಡನ್‌ಗಿರಿ ಶ್ರೇಣಿಯತ್ತ ನೋಡಿದಾಗ ಅಲ್ಲಿ ಮೋಡ ಕವಿದಿತ್ತು, ನಮ್ಮ ತಲೆಯ ಮೇಲೆ ಬಿಸಿಲಿತ್ತು. ನೈರುತ್ಯ ಮಾರುತವನ್ನು ಗಿರಿ ತಡೆಯುವುದು, ಇತ್ತ ಮಳೆಯ ನೆರಳು ಬೀಳುವುದು (ಮಳೆ ಕಡಿಮೆಯಾಗುವುದು), ಗಿರಿಯ ನೀರು ಹಳ್ಳವಾಗಿ ಇಳಿದು ಬಯಲಿನ ಕೆರೆ ಸೇರುವುದು ಪಠ್ಯಪುಸ್ತಕದ ಭಾಷೆಯಲ್ಲಿ ನಾನು ಹೇಳುವ ಮೊದಲೇ ಎದುರು ಮನೆಯ ಆ ಹುಡುಗಿ, “ನನ್ನ ಎಪ್ಪತ್ತೊಂದು ಇಲ್ಲಿಗೆ ಬಂದಿದೆ” ಎಂದಳು. ಆ 71 ಮಿ.ಮೀ. ನೀರು ಯಾವ ಹಳ್ಳ ಹಿಡಿಯಿತೋ ನಕ್ಷೆ ನೋಡಿಯೇ ಹೇಳಬೇಕು. ಅದನ್ನು ಅಂದು ತಿದ್ದಲಿಲ್ಲ, ಮರುದಿನ ನಕ್ಷೆ ಹರಡಿ ಕೂತೆವು.

ಹೋಲಿಕೆಗೆಂದು ಒಂದು ತೋಟದ ರೈಟರ್ (ಲೆಕ್ಕ ಬರೆಯುವವರು) ತಮ್ಮ ಮಳೆ ಪುಸ್ತಕ ತೋರಿಸಿದರು. ಅದರಲ್ಲಿ ಎಲ್ಲವೂ ಇಂಚು ಮತ್ತು ಸೆಂಟಿನ (ಇಂಚಿನ ನೂರನೇ ಒಂದು ಭಾಗದ) ಲೆಕ್ಕ. 1 ಇಂಚು 40 ಸೆಂಟ್ ಎಂದರೆ ಸುಮಾರು 35.6 ಮಿ.ಮೀ. ಎಂದು ಮಕ್ಕಳು ಬದಲಾಯಿಸಿಕೊಂಡರು. ಇನ್ನು ಮನೆಯ ಹಿರಿಯರಿಗೆ ಇಂಚೂ ಬೇಡ, ತಿಂಗಳೂ ಬೇಡ. “ಜುಲೈ ಗಿಲೈ ಬಿಡು ಮಗ, ಪುನರ್ವಸು ಎಷ್ಟು ಹೊಯ್ತು ಹೇಳು” ಎಂದು ಒಬ್ಬರ ಅಜ್ಜಿ ಕೇಳಿದ್ದರಿಂದ ಎಲ್ಲರ ಅಳತೆಗಳ ಅಂತಿಮ ಕೋಷ್ಟಕವನ್ನು ತಿಂಗಳವಾರು ಮಾಡದೆ ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ ಎಂದು ಮಳೆ ನಕ್ಷತ್ರವಾರು ಮಾಡಿದೆವು. ಪೋಷಕರ ಸಭೆಯ ದಿನ ಆ ಕೋಷ್ಟಕದ ಮುಂದೆ ಜನ ನಿಂತಷ್ಟು ಹೊತ್ತು ಅಂಕಪಟ್ಟಿಯ ಮುಂದೆ ನಿಲ್ಲಲಿಲ್ಲ.

ಆ ಕೋಷ್ಟಕದಲ್ಲಿ ಶಾಲೆಯ ಅಂಗಳದ ಕ್ಯಾನಿಗೂ ಒಂದು ಕಾಲಂ ಇತ್ತು. ಅದನ್ನು ಅಳೆಯುವ ಹೊಣೆ ನನ್ನದು. ದಸರಾ ರಜೆಗೆ ನಾನು ಊರಿಗೆ ಹೋಗಿದ್ದೆ, ಯಾರಿಗೂ ವಹಿಸಿರಲಿಲ್ಲ. ಹಿಂದಿರುಗಿದಾಗ ಕ್ಯಾನಿನಲ್ಲಿ ಎಲೆ ಕೊಳೆತು ನೀರು ಕಪ್ಪಾಗಿತ್ತು. ಹಸ್ತ ಮಳೆಯ ಸಾಲಿನಲ್ಲಿ ಮಕ್ಕಳೆಲ್ಲರ ಮನೆಯ ಅಂಕಿಗಳಿವೆ. ಶಾಲೆಯ ಚೌಕದಲ್ಲಿ ಮಾತ್ರ ನನ್ನ ಕೈಬರಹದಲ್ಲಿ ‘ಅಳೆಯಲಿಲ್ಲ’ ಎಂದಿದೆ. ಕಾರಣವನ್ನೂ ಬರೆಯಬೇಕೆಂದು ಮಕ್ಕಳು ಪಟ್ಟು ಹಿಡಿದರು, ಬರೆದೆ.