ಎಚ್‌ಒಎ ನೋಟಿಸ್ ಬಂದಿದೆಯಾ? ಬಾವುಟ ಇಳಿಸುವ ಮುಂಚೆ ಇದನ್ನು ಓದಿ

ನವೆಂಬರ್ 1ಕ್ಕೆ ಮನೆ ಮುಂದೆ ಹಳದಿ ಕೆಂಪು ಬಾವುಟ ಕಟ್ಟಿದಿರಿ. ವಾರ ಕಳೆಯುವಷ್ಟರಲ್ಲಿ ಬಡಾವಣೆಯ ಮನೆ ಮಾಲೀಕರ ಸಂಘ, ಅಂದರೆ ಎಚ್‌ಒಎ ಕಡೆಯಿಂದ ಕಾಗದ ಬಂತು, ತೆಗೆಯಿರಿ, ಇಲ್ಲದಿದ್ದರೆ ಫೈನ್ ಅಂತ. ಅಮೆರಿಕದಲ್ಲಿ ಮನೆ ಕೊಂಡ ನಮ್ಮವರು ಆಗ ಮೊದಲು ಹೇಳುವ ಮಾತು ಸಾಮಾನ್ಯವಾಗಿ ಒಂದೇ: "ನನ್ನ ಮನೆ, ನನ್ನ ಇಷ್ಟ, ಫಸ್ಟ್ ಅಮೆಂಡ್‌ಮೆಂಟ್ ಇದೆ." ಸಿಟ್ಟು ನ್ಯಾಯವೇ. ಆದರೆ ಈ ವಾದ ಹೆಚ್ಚಿನ ಕಡೆ ಒಂದು ಪೈಸೆಗೂ ಬಾಳುವುದಿಲ್ಲ.

ಯಾಕೆ ಅಂದರೆ ಮಾತಿನ ಸ್ವಾತಂತ್ರ್ಯ ಕಾಪಾಡುವ ಫಸ್ಟ್ ಅಮೆಂಡ್‌ಮೆಂಟ್ ಕಟ್ಟಿಹಾಕುವುದು ಸರ್ಕಾರದ ಕೈಯನ್ನು. ಮಿಸೌರಿಯ ಲಡೂ ಊರಿನಲ್ಲಿ ಒಬ್ಬ ಮಹಿಳೆ ಗಲ್ಫ್ ಯುದ್ಧದ ಸಮಯದಲ್ಲಿ ಶಾಂತಿ ಬೇಕು ಅಂತ ಕಿಟಕಿಗೆ ಒಂದು ಸಣ್ಣ ಹಾಳೆ ಅಂಟಿಸಿದ್ದರು. ನಗರಾಡಳಿತ ಬೇಡ ಅಂತು. 1994ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಆಕೆಯ ಪರ ನಿಂತಿತು. ಅಲ್ಲಿ ಎದುರಾಳಿ ನಗರಾಡಳಿತವಾಗಿತ್ತು. ಎಚ್‌ಒಎ ಖಾಸಗಿ ಸಂಸ್ಥೆ, ಮನೆ ಕೊಳ್ಳುವಾಗ ಅದರ ನಿಯಮಗಳಿಗೆ ನೀವೇ ಒಪ್ಪಿಕೊಂಡಿದ್ದೀರಿ, ಓದಿದ್ದರೂ ಓದದಿದ್ದರೂ. ನ್ಯೂಜೆರ್ಸಿ ಸ್ವಲ್ಪ ಬೇರೆ. ಅಲ್ಲಿನ ರಾಜ್ಯ ಸಂವಿಧಾನದ ಮೇಲೆ ಹೋರಾಡಿದ ಎಚ್‌ಒಎ ಬಡಾವಣೆಯಾದ ಟ್ವಿನ್ ರಿವರ್ಸ್‌ನ ನಿವಾಸಿಗಳು 2007ರಲ್ಲಿ ಸೋತರು. 2012ರಲ್ಲಿ ಮಜ್ದಾಬ್ರೂಕ್ ಅನ್ನುವ ಇನ್ನೊಂದು ಬಡಾವಣೆಯ ಕೇಸಿನಲ್ಲಿ ಕಿಟಕಿಯ ರಾಜಕೀಯ ಬೋರ್ಡಿನ ಮೇಲಿನ ನಿಷೇಧ ಬಿದ್ದುಹೋಯಿತು. ಎರಡೂ ಒಂದೇ ರಾಜ್ಯದ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು. ಇಂಥ ಅನಿಶ್ಚಿತ ಜಾಗದಲ್ಲಿ ವಕೀಲರಿಗೆ ದುಡ್ಡು ಸುರಿಯುವುದಕ್ಕಿಂತ ಸುಲಭದ ದಾರಿ ಇದೆ.

ಮೊದಲು ಕಾಗದ ತರಿಸಿಕೊಳ್ಳಿ. ನೋಟಿಸ್‌ನಲ್ಲಿ "ನಿಯಮ ಉಲ್ಲಂಘನೆ" ಅಂತ ಮಾತ್ರ ಬರೆದಿದ್ದರೆ, ಯಾವ ದಾಖಲೆಯ ಯಾವ ಸೆಕ್ಷನ್ ಅಂತ ಈಮೇಲ್‌ನಲ್ಲಿ ಕೇಳಿ. ಫೋನಿನಲ್ಲಿ ಬೇಡ. ಎಲ್ಲಾ ನಿಯಮಗಳ ತೂಕ ಒಂದೇ ಅಲ್ಲ. ಎಲ್ಲಕ್ಕಿಂತ ಮೇಲೆ ಕಾನೂನು, ಅದರ ಕೆಳಗೆ ಕೌಂಟಿಯಲ್ಲಿ ರಿಜಿಸ್ಟರ್ ಆದ, ಮನೆ ಕೊಂಡವರಿಗೆಲ್ಲ ಅನ್ವಯಿಸುವ ಮೂಲ ಕರಾರು, ಅಂದರೆ ಸಿಸಿ ಆ್ಯಂಡ್ ಆರ್, ಆಮೇಲೆ ಬೈಲಾ, ತೀರಾ ಕೆಳಗೆ ಸಂಘದ ಆಡಳಿತ ಮಂಡಳಿ (ಬೋರ್ಡ್) ತಾನೇ ಮಾಡಿಕೊಂಡ ರೂಲ್ಸ್. ಕೆಳಗಿನದು ಮೇಲಿನದಕ್ಕೆ ವಿರುದ್ಧ ಹೋಗುವಂತಿಲ್ಲ. ಸಿಸಿ ಆ್ಯಂಡ್ ಆರ್‌ನಲ್ಲಿ "ಜಾಹೀರಾತು ಬೋರ್ಡ್ ಹಾಕಬಾರದು" ಅಂತಷ್ಟೇ ಇದ್ದು, ಅದನ್ನೇ ಎಳೆದೆಳೆದು ನಿಮ್ಮ ಬಾವುಟದವರೆಗೂ ತಂದಿದ್ದರೆ ನಿಮ್ಮ ವಾದ ಅಲ್ಲೇ ಅರ್ಧ ಗೆದ್ದ ಹಾಗೆ.

ಈಗ ನಿಮ್ಮ ರಾಜ್ಯದ ಕಾನೂನು ನೋಡಿ. ನಿಜವಾದ ಬಲ ಇರುವುದು ಇಲ್ಲೇ, ಮತ್ತು ರಾಜ್ಯದಿಂದ ರಾಜ್ಯಕ್ಕೆ ಇದು ಪೂರ್ತಿ ಬದಲಾಗುತ್ತದೆ. ದೇಶಕ್ಕೆಲ್ಲ ಅನ್ವಯಿಸುವ 2005ರ ಬಾವುಟ ಕಾಯ್ದೆ ಕಾಪಾಡುವುದು ಅಮೆರಿಕದ ಬಾವುಟವನ್ನು ಮಾತ್ರ. ಕನ್ನಡ ಬಾವುಟಕ್ಕೋ, ಫುಟ್‌ಬಾಲ್ ತಂಡದ ಬಾವುಟಕ್ಕೋ ಅದರಿಂದ ಏನೂ ಸಿಗುವುದಿಲ್ಲ. ಆದರೆ ಕ್ಯಾಲಿಫೋರ್ನಿಯಾದಲ್ಲಿದ್ದರೆ ಸಿವಿಲ್ ಕೋಡ್ 4710 ತೆಗೆದು ಓದಿ. ವ್ಯಾಪಾರದ್ದಲ್ಲದ ಬೋರ್ಡ್ 9 ಚದರ ಅಡಿ ಮೀರದಿದ್ದರೆ, ಬಾವುಟ 15 ಚದರ ಅಡಿ ಮೀರದಿದ್ದರೆ, ಸುರಕ್ಷತೆ ಅಥವಾ ಬೇರೆ ಕಾನೂನಿನ ತೊಂದರೆ ಇಲ್ಲದೆ ಎಚ್‌ಒಎ ತಡೆಯುವಂತಿಲ್ಲ. ಅಂಗಡಿಯಲ್ಲಿ ಸಿಗುವ 3 ಅಡಿ 5 ಅಡಿ ಬಾವುಟ ಲೆಕ್ಕ ಹಾಕಿದರೆ ಸರಿಯಾಗಿ 15 ಚದರ ಅಡಿ! ಆದರೆ ಅದೇ ಸೆಕ್ಷನ್ನಿನಲ್ಲಿ ಲೈಟು, ಬಲೂನು, ಗಿಡ, ಗೋಡೆಗೆ ಬಳಿದ ಬಣ್ಣ ಇವಕ್ಕೆ ರಕ್ಷಣೆ ಇಲ್ಲ. ಹಾಗಾಗಿ ಗ್ಯಾರೇಜ್ ಬಾಗಿಲಿಗೇ ಹಳದಿ ಕೆಂಪು ಬಳಿಯುವ ಆಸೆ ಇದ್ದರೆ ಈಗಲೇ ಬಿಡಿ. ಕೊಲರಾಡೊ 2021ರಲ್ಲಿ ಇನ್ನೂ ಮುಂದೆ ಹೋಯಿತು. ಅಲ್ಲಿ ಬೋರ್ಡ್, ಬಾವುಟ ಎಷ್ಟಿರಬೇಕು, ಎಷ್ಟು ದೊಡ್ಡದಿರಬೇಕು ಅಂತ ಎಚ್‌ಒಎ ಹೇಳಬಹುದು, ಅದರಲ್ಲಿ ಏನು ಬರೆದಿದೆ ಅಂತ ನೋಡಿ ತಡೆಯುವಂತಿಲ್ಲ (ವ್ಯಾಪಾರದ್ದು ಬಿಟ್ಟು). ಟೆಕ್ಸಸ್‌ನಲ್ಲಿ ಚುನಾವಣೆಯ ಬೋರ್ಡಿಗೆ ಮತದಾನಕ್ಕೆ 90 ದಿನ ಮುಂಚಿನಿಂದ ರಕ್ಷಣೆ ಇದೆ, ಮತದಾನ ಮುಗಿದು 10 ದಿನದೊಳಗೆ ತೆಗೆದುಬಿಡಿ.

ಬಾಗಿಲ ತೋರಣ, ದೇವರ ಪಟದ ವಿಷಯ ಬೇರೆ. ಧರ್ಮಕ್ಕೆ ಸಂಬಂಧಿಸಿದ್ದು ಅಂದ ತಕ್ಷಣ ಕಾನೂನು ಸ್ವಲ್ಪ ಮೆತ್ತಗಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 36 ಇಂಚು 12 ಇಂಚಿನಷ್ಟು ಜಾಗದೊಳಗೆ ಮುಂಬಾಗಿಲು ಅಥವಾ ಅದರ ಚೌಕಟ್ಟಿಗೆ ಧಾರ್ಮಿಕ ವಸ್ತು ಹಾಕಬಹುದು. ಮಾಮೂಲಿ ಮುಂಬಾಗಿಲ ಅಗಲವೂ 36 ಇಂಚೇ, ತೋರಣದ ಎಲೆ ತುಂಬಾ ಕೆಳಗಿಳಿಯದಿದ್ದರೆ ಸರಿ. ಟೆಕ್ಸಸ್‌ನಲ್ಲಿ ಮೊದಲು ಬರೀ 25 ಚದರ ಇಂಚು, ಅದೂ ಬಾಗಿಲಲ್ಲಿ ಮಾತ್ರ ಅನ್ನುತ್ತಿದ್ದ ಕಾನೂನನ್ನು 2021ರಲ್ಲಿ ಸಡಿಲ ಮಾಡಿದರು.

ಕಾಂಡೊದಲ್ಲಿ (ಸ್ವಂತ ಫ್ಲ್ಯಾಟಿನಲ್ಲಿ) ಇರುವವರು ಇನ್ನೊಂದು ವಿಷಯ ನೋಡಬೇಕು: ನಿಮ್ಮ ಬಾಗಿಲ ಹೊರಮೈ ನಿಮ್ಮದೋ, ಎಲ್ಲರದೋ? ಎಷ್ಟೋ ಕಡೆ ಅದು ಸಾಮಾನ್ಯ ಜಾಗದ ಲೆಕ್ಕಕ್ಕೇ ಬರುತ್ತದೆ. ಶಿಕಾಗೋದ ಒಂದು ಕಾಂಡೊದಲ್ಲಿ ಯಹೂದಿ ಕುಟುಂಬವೊಂದು ಬಾಗಿಲ ಚೌಕಟ್ಟಿಗೆ ಹಾಕಿದ್ದ ಮೆಜೂಜಾವನ್ನು (ಧರ್ಮಗ್ರಂಥದ ಸಾಲುಗಳಿರುವ ಸಣ್ಣ ಡಬ್ಬಿ), ಹಜಾರದಲ್ಲಿ ಏನೂ ಇಡಬಾರದು ಅನ್ನುವ ರೂಲ್ ಹಿಡಿದು, ಪದೇಪದೇ ಕಿತ್ತುಹಾಕಿದರು. 2009ರಲ್ಲಿ ಫೆಡರಲ್ ಅಪೀಲು ಕೋರ್ಟ್, ಇದು ಬೇಕೆಂದೇ ಮಾಡಿದ ಧಾರ್ಮಿಕ ತಾರತಮ್ಯವಾ ಅಂತ ಮನೆಯ ವಿಷಯದಲ್ಲಿ ತಾರತಮ್ಯ ತಡೆಯುವ ಫೇರ್ ಹೌಸಿಂಗ್ ಕಾಯ್ದೆಯಡಿ ವಿಚಾರಣೆ ಆಗಲಿ ಅಂತು. ಎಲ್ಲರಿಗೂ ಒಂದೇ ಥರ ಇರುವ ರೂಲ್ ಕೂಡ ಒಬ್ಬರ ಮೇಲೆ ಮಾತ್ರ ಬೀಳುತ್ತಿದ್ದರೆ ಪ್ರಶ್ನೆ ಮಾಡಬಹುದು ಅಂತಾಯಿತು.

ಇಲ್ಲಿಗೆ ಪಕ್ಕದ ಬೀದಿಯ ಫೋಟೊ ಕೆಲಸಕ್ಕೆ ಬರುತ್ತದೆ. ಕಾಲೇಜ್ ತಂಡದ ಬಾವುಟ, ಜನವರಿ ಮುಗಿದರೂ ಇಳಿಯದ ಕ್ರಿಸ್ಮಸ್ ಲೈಟು, ಯಾವುದಕ್ಕೂ ನೋಟಿಸ್ ಇಲ್ಲ, ನಿಮ್ಮದಕ್ಕೆ ಮಾತ್ರ ಇದೆ ಅಂದರೆ ತಾರೀಖಿನ ಸಮೇತ ಫೋಟೊ ತೆಗೆದಿಡಿ. ರಸ್ತೆಯಲ್ಲಿ ನಿಂತು ತೆಗೆಯಿರಿ. ಅಕ್ಕಪಕ್ಕದವರ ಮೇಲೆ ದೂರು ಮಾತ್ರ ಕೊಡಬೇಡಿ, ಅವರಿಗೂ ನೋಟಿಸ್ ಹೋದರೆ ನಿಮಗೆ ಸಿಗುವುದು ದ್ವೇಷ ಅಷ್ಟೇ, ನಾಳೆ ನಿಮ್ಮ ಪರ ಮತ ಹಾಕಬೇಕಾದವರೂ ಅವರೇ ಅಲ್ವಾ.

ಉತ್ತರ ಚಿಕ್ಕದಾಗಿರಲಿ. ನೋಟಿಸ್ ತಲುಪಿದೆ, ಯಾವ ಸೆಕ್ಷನ್ ಅಂತ ತಿಳಿಸಿ, ನನ್ನ ಬಾವುಟದ ಅಳತೆ ಇಷ್ಟು, ರಾಜ್ಯದ ಈ ಕಾನೂನಿನ ಪ್ರಕಾರ ಇದಕ್ಕೆ ಅವಕಾಶ ಇದೆ, ತೀರ್ಮಾನಕ್ಕೆ ಮುಂಚೆ ಹಿಯರಿಂಗ್ (ನನ್ನ ಮಾತು ಹೇಳಿಕೊಳ್ಳುವ ಅವಕಾಶ) ಬೇಕು. ಇಷ್ಟೇ. ಸಂವಿಧಾನ, ಸ್ವಾತಂತ್ರ್ಯ, ಜನಾಂಗೀಯತೆ ಅಂತ ಮೂರು ಪುಟ ಬರೆದರೆ ಮ್ಯಾನೇಜ್‌ಮೆಂಟ್ ಕಂಪನಿಯವರು ಅದನ್ನು ಸುಮ್ನೆ ವಕೀಲರಿಗೆ ಕಳಿಸುತ್ತಾರೆ, ಆಮೇಲೆ ಎಲ್ಲವೂ ನಿಧಾನ. ಹಿಯರಿಂಗ್ ಕೇಳುವ ಗಡುವು ತಪ್ಪಿಸಬೇಡಿ. ಟೆಕ್ಸಸ್‌ನಲ್ಲಿ ನೋಟಿಸ್ ಅಂಚೆಗೆ ಬಿದ್ದ 30 ದಿನದೊಳಗೆ ಕೇಳಬೇಕು. ಫ್ಲೋರಿಡಾದಲ್ಲಿ ಫೈನ್‌ಗೆ ಮುಂಚೆ 14 ದಿನದ ನೋಟಿಸ್ ಬೇಕು, ಬೋರ್ಡಿನವರೂ ಅವರ ಮನೆಯವರೂ ಇಲ್ಲದ ಕನಿಷ್ಠ 3 ಜನರ ಕಮಿಟಿ ಒಪ್ಪಬೇಕು, ಒಪ್ಪದಿದ್ದರೆ ಫೈನ್ ಇಲ್ಲ. ಕ್ಯಾಲಿಫೋರ್ನಿಯಾ 2025ರಲ್ಲಿ ಹೆಚ್ಚಿನ ಉಲ್ಲಂಘನೆಗಳ ಫೈನ್‌ಗೆ 100 ಡಾಲರ್ ಮಿತಿ ಹಾಕಿದೆ.

ಒಂದು ಕೆಲಸ ಮಾತ್ರ ಯಾವತ್ತೂ ಮಾಡಬೇಡಿ: ಸಿಟ್ಟಿನಲ್ಲಿ ತಿಂಗಳ ಡ್ಯೂಸ್ (ಸಂಘದ ಶುಲ್ಕ) ನಿಲ್ಲಿಸುವುದು. ಬಾವುಟದ ಜಗಳ ಅಲ್ಲಿಗೆ ಬಾಕಿ ವಸೂಲಿಯ ಜಗಳ ಆಗುತ್ತದೆ, ಮನೆ ಮೇಲೆ ಲೀನ್ (ಬಾಕಿಯ ಹಕ್ಕು) ಬರುತ್ತದೆ, ಬಾಕಿ ಬೆಳೆದರೆ ಫೋರ್‌ಕ್ಲೋಶರ್ (ಮನೆ ಜಪ್ತಿ, ಹರಾಜು) ತನಕವೂ ಹೋಗಬಹುದು.

ನಿಮ್ಮ ರಾಜ್ಯದಲ್ಲಿ ಇಂಥ ಕಾನೂನೇ ಇಲ್ಲದಿದ್ದರೆ? ಆಗ ಎರಡು ದಾರಿ. ಮೊದಲನೆಯದು, ಬಾವುಟ ಕಟ್ಟುವ ಮುಂಚೆ ಮನೆಯ ಹೊರನೋಟದ ಬದಲಾವಣೆಗೆ ಒಪ್ಪಿಗೆ ಕೊಡುವ ಆರ್ಕಿಟೆಕ್ಚರಲ್ ಕಮಿಟಿಗೆ ಅರ್ಜಿ ಕೊಟ್ಟು, ಅಕ್ಟೋಬರ್ 30ರಿಂದ ನವೆಂಬರ್ 3ರ ತನಕ ಅಂತ ದಿನ ನಮೂದಿಸಿ ಕೇಳುವುದು. ಶಾಶ್ವತ ಅಂದರೆ ಹೆದರುವ ಕಮಿಟಿ ನಾಲ್ಕೈದು ದಿನಕ್ಕೆ ಒಪ್ಪುವ ಸಾಧ್ಯತೆ ಜಾಸ್ತಿ. ಎರಡನೆಯದು ಬೇಸರದ ಕೆಲಸ, ಆದರೆ ನನ್ನ ಪ್ರಕಾರ ಇದೇ ಗಟ್ಟಿ: ವಾರ್ಷಿಕ ಸಭೆಗೆ ಹೋಗಿ. ಅಲ್ಲಿ ಕುರ್ಚಿಗಳೇ ಜಾಸ್ತಿ, ಜನ ಕಡಿಮೆ, ಎಷ್ಟೋ ಸಲ ಕೋರಂ ಕೂಡ ಸಿಗುವುದಿಲ್ಲ. ಬರಲಾಗದ ಹತ್ತು ಮನೆಯವರ ಪ್ರಾಕ್ಸಿ (ಅವರ ಪರ ಮತ ಹಾಕುವ ಪತ್ರ) ಕೈಯಲ್ಲಿದ್ದರೆ ಬೋರ್ಡಿಗೆ ಆಯ್ಕೆ ಆಗುವುದು ಅಂಥ ಕಷ್ಟವೇನಲ್ಲ. ಸಿಸಿ ಆ್ಯಂಡ್ ಆರ್ ತಿದ್ದಲು ದೊಡ್ಡ ಬಹುಮತ ಬೇಕು, ಅದಕ್ಕೆ ಕೈ ಹಾಕಬೇಡಿ. ಹಬ್ಬದ ಅಲಂಕಾರಕ್ಕೆ ಇಷ್ಟು ದಿನ, ಬಾವುಟಕ್ಕೆ ಇಷ್ಟು ಅಳತೆ ಅನ್ನುವ ರೂಲ್ ಅನ್ನು ಬೋರ್ಡ್ ತಾನೇ ಮಾಡಬಹುದು. ಅದರ ಕರಡನ್ನು ನೀವೇ ಒಂದು ಪುಟದಲ್ಲಿ ಬರೆದು ಕೊಂಡೊಯ್ಯಿರಿ.