ಒಂದು ಬಂಡಲ್ ಹಾಳೆ, ಒಂದು ಚೂರು ಫಾಯಿಲ್

ಪೀಣ್ಯದ ಒಂದು ಲೇತ್ ಶಾಪಿನಲ್ಲಿ, ಅಂದರೆ ಲೋಹದ ತುಂಡನ್ನು ತಿರುಗಿಸಿ ಕತ್ತರಿಸುವ ಮೆಷಿನ್ ಇರುವ ಕಡೆ, ಹೊಸ ಹುಡುಗರಿಗೆ ಅಳತೆ ಕಲಿಸುವುದು ನನ್ನ ಕೆಲಸ. ಐಟಿಐ ಮುಗಿಸಿ ಬಂದವರು ತೀರಾ ಸಣ್ಣ ದಪ್ಪ ಅಳೆಯುವ ಮೈಕ್ರೋಮೀಟರ್ ಚೆನ್ನಾಗಿಯೇ ಓದುತ್ತಾರೆ. ಆದರೆ 0.02 ಮಿ.ಮೀ. ಜಾಸ್ತಿ ಇದೆ ಅಂದರೆ ಅದು ಎಷ್ಟು ಅಂತ ಅವರ ಕಣ್ಣಿಗೆ ಕಟ್ಟುವುದಿಲ್ಲ. ಅದಕ್ಕೇ ನಾನು ಮೊದಲು ಮೆಷಿನ್ ಮುಟ್ಟಿಸುವುದಿಲ್ಲ. ಆಫೀಸಿನಿಂದ ಒಂದು ಬಂಡಲ್ ಎ4 ಹಾಳೆ ತರಿಸುತ್ತೇನೆ.

ಅದರಲ್ಲಿ 500 ಹಾಳೆ ಇರುತ್ತವೆ. ಮಾಮೂಲಿ ಸ್ಕೇಲ್ ಇಟ್ಟರೆ ದಪ್ಪ ಸುಮಾರು 50 ಮಿ.ಮೀ. ಭಾಗಿಸಿದರೆ ಒಂದು ಹಾಳೆಗೆ 0.1 ಮಿ.ಮೀ. ಬಂತು, ಅಲ್ವಾ? ಆಮೇಲೆ ಒಂದೇ ಹಾಳೆಯನ್ನು ಮೈಕ್ರೋಮೀಟರಿಗೆ ಕೊಡಿಸುತ್ತೇನೆ. ಅದೂ ಹೆಚ್ಚುಕಮ್ಮಿ ಅಷ್ಟೇ ತೋರಿಸುತ್ತದೆ. ಆಗ ಆ ಹುಡುಗರ ಮುಖ ನೋಡಬೇಕು!

ಇದೇ ಹಾಳೆ ಲೇತ್ ಮೇಲೂ ಕೆಲಸಕ್ಕೆ ಬರುತ್ತದೆ. ಮೆಷಿನ್ ಆಫ್ ಮಾಡಿ, ಕತ್ತರಿಸುವ ಟೂಲಿಗೂ ಜಾಬಿಗೂ (ಕತ್ತರಿಸಬೇಕಾದ ತುಂಡಿಗೂ) ನಡುವೆ ಹಾಳೆಯ ಚೂರು ಹಿಡಿದು, ಟೂಲನ್ನು ನಿಧಾನವಾಗಿ ಹತ್ತಿರ ತರಬೇಕು. ಚೂರು ಎಳೆದಾಗ ಬೆರಳಿಗೆ ಬಿಗಿ ಸಿಕ್ಕರೆ ಸಾಕು. ಇನ್ನು 0.1 ಹೋದರೆ ಟೂಲ್ ಜಾಬಿಗೆ ತಾಗುತ್ತದೆ. ಅದರ ಮೇಲೆ ಇನ್ನೊಂದು 0.1 ಕಟ್ ಕೊಟ್ಟರೆ ವ್ಯಾಸ 0.2 ಇಳಿಯುತ್ತದೆ, ಯಾಕೆಂದರೆ ಜಾಬ್ ತಿರುಗುವಾಗ ಸುತ್ತಲೂ ಸವೆಯುತ್ತದೆ.

ಹೋಲಿಸಿ ನೋಡಲು ಕೈಗೆ ಸಿಗುವ ಬೇರೆ ವಸ್ತುಗಳೂ ಇವೆ. ಎಟಿಎಂ ಕಾರ್ಡ್ 0.76 ಮಿ.ಮೀ. ದಪ್ಪ. ಅಂಗಡಿಯ ಪ್ಲಾಸ್ಟಿಕ್ ಕ್ಯಾರಿ ಬ್ಯಾಗಿಗೆ 2022ರ ಕೊನೆಯಿಂದ ಕನಿಷ್ಠ 120 ಮೈಕ್ರಾನ್ ಅಂತ ಕಾನೂನಿದೆ. ಅಂದರೆ 0.12 ಮಿ.ಮೀ., ಹಾಳೆಗಿಂತ ಒಂಚೂರು ದಪ್ಪ. ಕೂದಲನ್ನು ಮಾತ್ರ ನಾನು ನೆಚ್ಚುವುದಿಲ್ಲ. ಒಬ್ಬರದು 0.05 ಇದ್ದರೆ ಇನ್ನೊಬ್ಬರದು 0.1 ಇರುತ್ತದೆ.

ಅದಕ್ಕಿಂತ ಚಪಾತಿ ಸುತ್ತುವ ಅಲ್ಯೂಮಿನಿಯಂ ಫಾಯಿಲ್ ಒಳ್ಳೆಯದು. 11 ಮೈಕ್ರಾನಿನ ಫಾಯಿಲ್ ಸುಲಭವಾಗಿ ಸಿಗುತ್ತದೆ. ಅದರ ಒಂದು ಚೂರನ್ನು ಬೆರಳ ನಡುವೆ ಹಿಡಿಸಿ, ಬೇರಿಂಗ್ ಕೂರುವ 25 ಮಿ.ಮೀ. ಶಾಫ್ಟಿನ ಡ್ರಾಯಿಂಗ್ ತೋರಿಸುತ್ತೇನೆ. ಅಲ್ಲಿ ಎಚ್6 ಅಂತಿದ್ದರೆ (ವ್ಯಾಸ ಎಷ್ಟು ಏರುಪೇರಾಗಬಹುದು ಅಂತ ಹೇಳುವ ಗುರುತು ಅದು) ವ್ಯಾಸಕ್ಕೆ ಒಟ್ಟು ಬಿಟ್ಟಿರುವ ಏರುಪೇರು 13 ಮೈಕ್ರಾನ್. ಹೆಚ್ಚುಕಮ್ಮಿ ಆ ಒಂದು ಚೂರು ಫಾಯಿಲ್, ಅಷ್ಟೇ.

ಈಗ ಬಿಸಿಯ ಲೆಕ್ಕ ಹೇಳಿದರೆ ತಲೆಗೆ ಹೋಗುತ್ತದೆ. ಅದೇ ಉಕ್ಕಿನ ಶಾಫ್ಟ್ ಕಟಿಂಗ್ ಮುಗಿದಾಗ 40 ಡಿಗ್ರಿ ಜಾಸ್ತಿ ಬಿಸಿ ಇದ್ದರೆ ವ್ಯಾಸ ಸುಮಾರು 12 ಮೈಕ್ರಾನ್ ಉಬ್ಬಿರುತ್ತದೆ. ಆಗಲೇ ಅಳೆದು ಪಾಸ್ ಮಾಡಿದರೆ ತಣ್ಣಗಾದ ಮೇಲೆ ಬೇರಿಂಗ್ ಲೂಸ್ ಆಗಬಹುದು. ಫಾಯಿಲ್ ಹಿಡಿದು ನೋಡಿದ ಹುಡುಗರು ಜಾಬ್ ಆರುವವರೆಗೆ ತಾವಾಗಿಯೇ ಕಾಯುತ್ತಾರೆ.